ಬರ್ಮಾದ ಬೇಳೆ ಕೊಳ್ಳೋದು ಸರಿನಾ? ಸೇನಾ ಆಡಳಿತದ ಜತೆ ನಮ್ಮ ವ್ಯವಹಾರದ ಬಗ್ಗೆ ಮುಂಬೈ ಕನ್ನಡಿಗರು ಏನಂತೀರಿ?

ಮಾಟುಂಗಾ_ಶೆಟ್ಟಿ
ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಇಡ್ಲಿ, ದೋಸೆ, ವಡೆಯೇ ಮುಖ್ಯ. ಉದ್ದು ವಾಶಿ ಮಾರ್ಕೆಟ್‌ನಿಂದ ಬರುತ್ತದೆ, ಅದರಲ್ಲಿ ಹೆಚ್ಚಿನದು ಬರ್ಮಾದ್ದು, ಅಂದರೆ ಈಗಿನ ಮ್ಯಾನ್ಮಾರ್‌ನದು. ಸಾಂಬಾರಿಗೆ ಹಾಕುವ ತೊಗರಿಯೂ ಎಷ್ಟೋ ಸಲ ಅಲ್ಲಿಯದೇ.

2021ರ ಫೆಬ್ರವರಿ 1ರಂದು ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಚುನಾಯಿತ ನಾಯಕಿ ಆಂಗ್ ಸಾನ್ ಸೂ ಕಿ ಅವರನ್ನು ಜೈಲಿಗೆ ಹಾಕಿದರು. ಆಮೇಲೆ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಸರ್ಕಾರ ಅವರ ಜತೆ ಬೇಳೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ, 2025-26ರ ತನಕ.

ನನ್ನ ಪ್ರಶ್ನೆ ಇಷ್ಟೇ. ನಾನು ಕೊಡುವ ದುಡ್ಡು ಯಾರ ಕೈ ಸೇರುತ್ತದೆ? ಅಲ್ಲಿಯ ರೈತನಿಗಾ, ಆ ಜನರಲ್‌ಗಳಿಗಾ? ಹೋಟೆಲಿನವನಿಗೆ ಯಾಕೆ ಈ ಉಸಾಬರಿ ಅಂತ ಕೇಳಬೇಡಿ. ದಿನಾ ಕೈಯಲ್ಲಿ ಹಿಡಿಯುವ ಕಾಳು ಇದು. ತಿಳಿದುಕೊಳ್ಳಲೇಬೇಕು ಅನ್ನಿಸಿದೆ.

ಐರೋಲಿ_ಟೆಕ್ಕಿ
ಶೆಟ್ರೇ, ನಾವು ತಗೊಳ್ಳದಿದ್ದರೆ ಚೀನಾ ತಗೊಳ್ಳುತ್ತೆ. ಅಷ್ಟೇ ವಿಷಯ.

ವಾಶಿ_ದಾಣಾಬಂದರ್
ಇಲ್ಲ ಸರ್, ಈ ಮಾತು ಬರ್ಮಾದ ನೈಸರ್ಗಿಕ ಗ್ಯಾಸಿಗೆ ಸರಿ, ತೊಗರಿಗೆ ಅಲ್ಲ. ಚೀನಾದವರು ತೊಗರಿ ಬೇಳೆ ತಿನ್ನಲ್ಲ. ಬರ್ಮಾದಲ್ಲಿ ಬೆಳೆದ ತೊಗರಿ ಹೆಚ್ಚುಕಡಿಮೆ ಪೂರ್ತಿ ನಮ್ಮ ದೇಶಕ್ಕೇ ಬರೋದು. ನಾನು ವಾಶಿಯ ಧಾನ್ಯ ಮಾರುಕಟ್ಟೆ ದಾಣಾಬಂದರ್‌ನಲ್ಲಿ ದಲಾಲರ ಪೇಢಿಯಲ್ಲಿ ಲೆಕ್ಕ ನೋಡುತ್ತೇನೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಮೊದಲು ಕೇಳೋದೇ 'ಲೆಮನ್ ತೂರ್ ಭಾವ ಏನು' ಅಂತ. ಲೆಮನ್ ಅಂದ್ರೆ ಬರ್ಮಾ ತೊಗರಿ. ಉದ್ದಿನಲ್ಲಿ ಎಫ್‌ಎಕ್ಯೂ (ಸಾಧಾರಣ ಗುಣಮಟ್ಟ), ಎಸ್‌ಕ್ಯೂ (ವಿಶೇಷ ಗುಣಮಟ್ಟ) ಅಂತ ಎರಡು ದರ್ಜೆ. ಎಸ್‌ಕ್ಯೂ ಕಾಳು ದಪ್ಪ, ರೇಟೂ ಜಾಸ್ತಿ.

2017ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ಸರ್ಕಾರಗಳ ನಡುವಿನ ಒಪ್ಪಂದದ ಮಾಲು ಬಿಟ್ಟು, ವರ್ಷಕ್ಕೆ 2 ಲಕ್ಷ ಟನ್ ಮಾತ್ರ. ಬರ್ಮಾದ ರೈತರು ಕಂಗಾಲಾದರು. ಬೇರೆ ಗಿರಾಕಿಯೇ ಇಲ್ಲವಲ್ಲ. ಆಗ ಅಲ್ಲಿ ಇದ್ದದ್ದು ಚುನಾಯಿತ ಸರ್ಕಾರ. ಇದನ್ನು ನೆನಪಿಟ್ಟುಕೊಂಡು ಮಾತಾಡಿ. ನಾವು ಬಾಗಿಲು ಹಾಕಿದರೆ ಮೊದಲು ಬೀಳೋದು ಜನರಲ್ ಅಲ್ಲ, ಹೊಲದಲ್ಲಿ ಇರುವವನು.

ಕೊತ್ರೂಡ್_ಅಕ್ಕ
ರೈತನ ಮಾತು ಒಪ್ಪಿದೆ. ಆದರೆ ದುಡ್ಡಿನ ದಾರಿ ನೀವು ಪೂರ್ತಿ ಹೇಳಲಿಲ್ಲ. 2022ರ ಏಪ್ರಿಲ್‌ನಲ್ಲಿ ಅಲ್ಲಿಯ ಸೆಂಟ್ರಲ್ ಬ್ಯಾಂಕ್ ಒಂದು ಆದೇಶ ಮಾಡಿತು. ಹೊರಗಿಂದ ಬಂದ ಡಾಲರನ್ನು ಕಡ್ಡಾಯವಾಗಿ ಅಲ್ಲಿಯ ಹಣ ಕ್ಯಾಟ್‌ಗೆ ಬದಲಾಯಿಸಬೇಕು, ಅದೂ ಸರ್ಕಾರ ಹೇಳಿದ ರೇಟಿನಲ್ಲಿ. ಆ ರೇಟನ್ನು ಅದೇ ಆಗಸ್ಟ್‌ನಲ್ಲಿ ಡಾಲರಿಗೆ 2,100 ಕ್ಯಾಟ್ ಅಂತ ಮಾಡಿದರು. ಹೊರಗೆ ಮಾರುಕಟ್ಟೆಯಲ್ಲಿ ಡಾಲರ್ ಬೆಲೆ ಮುಂದೆ ಅದರ ಎರಡರಷ್ಟಾಯಿತು. ಆಮೇಲೆ ನಿಯಮ ಸಡಿಲಿಸಿ, ಡಾಲರಿನ ಒಂದಷ್ಟು ಪಾಲನ್ನು ಮಾತ್ರ ಬದಲಾಯಿಸಿದರೆ ಸಾಕು ಅಂದರು. ಆದರೂ ಆ ಪಾಲಿನ ಮೇಲೆ ರಫ್ತುದಾರನಿಗೆ ಅರ್ಧಕ್ಕರ್ಧ ಕಡಿಮೆ ಸಿಗುತ್ತದೆ. ಅವನು ಅದನ್ನು ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನಾ? ರೈತನಿಗೆ ಕೊಡುವ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ಆ ಡಾಲರಿನಿಂದಲೇ ವಿಮಾನದ ಇಂಧನ ಬರುವುದು, ಬಿಡಿಭಾಗ ಬರುವುದು.

ಶೆಟ್ಟರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ದುಡ್ಡು ಇಬ್ಬರಿಗೂ ಹೋಗುತ್ತದೆ. ರೈತನ ಪಾಲನ್ನು ಕಿತ್ತುಕೊಳ್ಳುವ ಯಂತ್ರ ಸರ್ಕಾರದ ಕೈಯಲ್ಲಿದೆ.

ನ್ಹಾವಾಶೇವಾ_ಕಂಟೇನರ್
ಈಗ ಎಲ್ಲ ಡಾಲರಿನಲ್ಲೇ ಆಗಬೇಕು ಅಂತಿಲ್ಲ ಅಕ್ಕ. 2024ರ ಜನವರಿಯಲ್ಲಿ ರೂಪಾಯಿ-ಕ್ಯಾಟ್ ನೇರ ಪಾವತಿಗೆ ವ್ಯವಸ್ಥೆ ಬಂತು. ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ವೋಸ್ಟ್ರೋ ಖಾತೆ, ಅಂದರೆ ಅಲ್ಲಿಯ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ. ಬೇಳೆ ವ್ಯಾಪಾರಕ್ಕೇ ಮೊದಲು ಇದನ್ನು ತಂದದ್ದು. ಆದರೂ ಸಿಂಗಾಪುರದ ವ್ಯಾಪಾರಿ ಮೂಲಕ ಡಾಲರಿನಲ್ಲಿ ಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಕೊತ್ರೂಡ್_ಅಕ್ಕ
ಅದಕ್ಕೆ ಅರ್ಧ ವರ್ಷ ಮೊದಲು, 2023ರ ಜೂನ್‌ನಲ್ಲಿ, ಅಮೆರಿಕ ಅಲ್ಲಿಯ ಸರ್ಕಾರಿ ಮ್ಯಾನ್ಮಾರ್ ಫಾರಿನ್ ಟ್ರೇಡ್ ಬ್ಯಾಂಕ್ ಮೇಲೆ ನಿರ್ಬಂಧ ಹಾಕಿತ್ತು. ಡಾಲರ್ ದಾರಿ ಕಷ್ಟ ಆದಾಗ ನಾವು ರೂಪಾಯಿ ದಾರಿ ತೆರೆದುಕೊಟ್ಟೆವು. ನಮ್ಮ ವ್ಯಾಪಾರಿಗೆ ಅನುಕೂಲ ಆಯಿತು, ನಿಜ. ಅವರಿಗೂ ಆಯಿತು.

ಆಳಂದದ_ಹುಡುಗ
ನಾನು ಠಾಣೆಯಲ್ಲಿ ಕೆಲಸ ಮಾಡ್ತೀನಿ, ಊರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕು. ನೀವೆಲ್ಲ ಬರ್ಮಾ ರೈತನ ಬಗ್ಗೆ ಮಾತಾಡ್ತಿದ್ದೀರಿ. ನಮ್ಮಪ್ಪನ ಬಗ್ಗೆ ಯಾರು ಮಾತಾಡ್ತೀರಿ?

ಲೆಕ್ಕ ಹೇಳ್ತೀನಿ ಕೇಳ್ರೀ. ನಮ್ಮ ಕಡೆ ತೊಗರಿ ರಾಶಿ ಡಿಸೆಂಬರ್, ಜನವರಿ. ಬರ್ಮಾದಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್. ಎರಡೂ ಒಂದೇ ಹೊತ್ತಿಗೆ ಬಜಾರಿಗೆ ಬೀಳುತ್ತೆ. 2021ರ ಮೇ ತಿಂಗಳಿಂದ ಆಮದು ಮುಕ್ತ. ಆಮೇಲೆ ಸುಂಕವೂ ಇಲ್ಲ. 2024-25ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. 2025ರ ಆರಂಭದಲ್ಲಿ ಕಲಬುರಗಿ ಬಜಾರಿನಲ್ಲಿ ರೇಟು ಅದರ ಕೆಳಗೆ ಹೋಯ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡ್ತು. ಅದು ಖರೀದಿ ಕೇಂದ್ರದಲ್ಲಿ ಮಾರಿದವರಿಗೆ ಮಾತ್ರ. ಸಾಲಗಾರ ಬಾಗಿಲಲ್ಲಿ ನಿಂತಾಗ ಕೇಂದ್ರದ ಮುಂದೆ ಸರದಿ ಕಾಯೋಕೆ ಯಾರಿಂದ ಆಗುತ್ತೆ?

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಸಿಕ್ಕಿತು. ಅದೇ ಬಜಾರಿನಲ್ಲಿ ಸೇನಾ ಸರ್ಕಾರದ ದೇಶದಿಂದ ಸುಂಕ ಇಲ್ಲದೆ ತೊಗರಿ. ಇದು ನಮಗೆ ಹೊಟ್ಟೆಗೆ ಬಿದ್ದ ಏಟು.

ಚೆಂಬೂರ್_ಚಿಕ್ಕಮ್ಮ
ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಐರೋಲಿ_ಟೆಕ್ಕಿ
2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಆಗಿತ್ತು, ಮರೆತಿರಾ? ಆಗ ಬೀದಿಗೆ ಬಂದವರು ಇದೇ ಚಿಕ್ಕಮ್ಮಂದಿರು.

ವಾಶಿ_ದಾಣಾಬಂದರ್
ದೇಶದಲ್ಲಿ ಬೆಳೆಯೋದು 35 ಲಕ್ಷ ಟನ್ ಆಸುಪಾಸು. ತಿನ್ನೋದು ಅದಕ್ಕಿಂತ ಹತ್ತು ಲಕ್ಷ ಟನ್ ಆಸುಪಾಸು ಜಾಸ್ತಿ. ತರಿಸದೆ ದಾರಿ ಇಲ್ಲ ತಮ್ಮಾ. ಪ್ರಶ್ನೆ ಇರೋದು ಯಾವಾಗ ತರಿಸಬೇಕು, ಎಷ್ಟು ಸುಂಕದಲ್ಲಿ ಅನ್ನೋದು.

ಇನ್ನೊಂದು ಮಾತು. ಬರ್ಮಾ ಬೇಡ, ಆಫ್ರಿಕಾದಿಂದ ತರಿಸಿ ಅಂತ ಈಗ ಯಾರಾದ್ರೂ ಬರೀತಾರೆ. ಮೊಜಾಂಬಿಕ್ ಜತೆ 2016ರಿಂದಲೇ ಒಪ್ಪಂದ ಇದೆ, ಆಮೇಲೆ ಅದು ವರ್ಷಕ್ಕೆ 2 ಲಕ್ಷ ಟನ್ ಆಯಿತು. ಮಲಾವಿ ಜತೆ 50 ಸಾವಿರ ಟನ್. 2023ರ ಕೊನೆಯಲ್ಲಿ ಮೊಜಾಂಬಿಕ್‌ನಲ್ಲಿ ಎರಡು ರಫ್ತು ಕಂಪನಿಗಳ ಕೋರ್ಟ್ ಜಗಳಕ್ಕೆ ಸಿಕ್ಕಿ ಮಾಲು ಬಂದರಿನಲ್ಲೇ ಕೂತಿತ್ತು. ಇಲ್ಲಿ ಭಾವ ಏರಿತು. ಒಂದೇ ದೇಶವನ್ನು ನಂಬಿ ಕೂರೋಕೆ ಆಗಲ್ಲ.

ರತ್ನಾಗಿರಿ_ಪೋಸ್ಟಿಂಗ್
ಸ್ವಲ್ಪ ವಿಷಯಾಂತರ. ಬರ್ಮಾಕ್ಕೂ ನಮ್ಮ ಈ ಭಾಗಕ್ಕೂ ನಂಟು ಹಳೆಯದು. ಬರ್ಮಾದ ಕೊನೆಯ ದೊರೆ ಥೀಬಾನನ್ನು ಬ್ರಿಟಿಷರು ರತ್ನಾಗಿರಿಗೆ ತಂದು ಇಟ್ಟಿದ್ದರು. 1916ರಲ್ಲಿ ಇಲ್ಲೇ ತೀರಿಕೊಂಡ. ಅರಮನೆ ಈಗಲೂ ಇದೆ, ನೋಡಬೇಕಾದ ಜಾಗ. 2012ರಲ್ಲಿ ಬರ್ಮಾದ ಅಧ್ಯಕ್ಷ ಥೇನ್ ಸೇನ್ ಬಂದು ಸಮಾಧಿಗೆ ನಮಸ್ಕಾರ ಮಾಡಿ ಹೋದರು.

ಕೊತ್ರೂಡ್_ಅಕ್ಕ
ಇಲ್ಲಿಂದ ಅಲ್ಲಿಗೆ ಹೋದವರು ತಿಲಕರು. ಬಾಂಬೆ ಹೈಕೋರ್ಟಿನಲ್ಲಿ ಶಿಕ್ಷೆ, 1908ರಿಂದ 1914ರ ತನಕ ಮಾಂಡಲೆ ಜೈಲು. ಬರೆದದ್ದಕ್ಕೆ ಜೈಲು. ಇವತ್ತು ಅದೇ ದೇಶದ ಜೈಲುಗಳಲ್ಲಿ ಬರೆದವರು, ಹಾಡಿದವರು ತುಂಬಿದ್ದಾರೆ. 2022ರ ಜುಲೈನಲ್ಲಿ ನಾಲ್ಕು ಜನರನ್ನು ಗಲ್ಲಿಗೆ ಹಾಕಿದರು. ಅವರಲ್ಲಿ ಒಬ್ಬ ಫ್ಯೋ ಝೇಯಾ ಥಾ. ಹಿಪ್‌ಹಾಪ್ ಹಾಡುಗಾರ, ಆಮೇಲೆ ಸೂ ಕಿ ಅವರ ಪಕ್ಷದ ಸಂಸದನೂ ಆಗಿದ್ದವನು.

ಡೊಂಬಿವಲಿ_ಹಿರಿಯ
ನಮ್ಮ ಕಾಲದ ಒಂದು ಮಾತು ಹೇಳುತ್ತೇನೆ, ಕಿರಿಯರಿಗೆ ಗೊತ್ತಿರಲಿ. ಜಾರ್ಜ್ ಫೆರ್ನಾಂಡಿಸ್ ನಮ್ಮ ಮಂಗಳೂರಿನವರು. ಈ ಮುಂಬೈಯಲ್ಲಿ ಯೂನಿಯನ್ ಕಟ್ಟಿದವರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದವರು. ಬರ್ಮಾದಿಂದ ಓಡಿಬಂದ ವಿದ್ಯಾರ್ಥಿಗಳಿಗೆ ಅವರು ದೆಹಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಮನೆಯಲ್ಲೇ ಜಾಗ ಕೊಟ್ಟಿದ್ದರು. ನಾನು ಯೂನಿಯನ್ನಿನಲ್ಲಿದ್ದಾಗ ಈ ವಿಷಯ ನಮ್ಮೆಲ್ಲರಿಗೂ ಹೆಮ್ಮೆ.

1988ರಲ್ಲಿ ಅಲ್ಲಿ ಜನ ಎದ್ದು ನಿಂತಾಗ ನಮ್ಮ ದೇಶ ಜನರ ಪರ ಇತ್ತು. ಆಕಾಶವಾಣಿಯ ಬರ್ಮೀ ಪ್ರಸಾರವೂ ಅವರ ಪರವೇ ಮಾತಾಡುತ್ತಿತ್ತು. ಸೂ ಕಿ ಅವರಿಗೆ 1993ರ ನೆಹರೂ ಪ್ರಶಸ್ತಿ ಕೊಟ್ಟೆವು. ಅಷ್ಟರಲ್ಲೇ ನೀತಿ ತಿರುಗಿತು. 1994ರಲ್ಲಿ ಸೇನಾ ಸರ್ಕಾರದ ಜತೆ ಗಡಿ ವ್ಯಾಪಾರದ ಒಪ್ಪಂದ, 1995ರಲ್ಲಿ ಮಣಿಪುರದ ಮೊರೆ ಗಡಿಯಲ್ಲಿ ವ್ಯಾಪಾರ ಶುರು. 2007ರ ಸೆಪ್ಟೆಂಬರ್‌ನಲ್ಲಿ ಬೌದ್ಧ ಭಿಕ್ಷುಗಳು ಯಾಂಗೊನ್ ಬೀದಿಗಿಳಿದಾಗ ನಮ್ಮ ಪೆಟ್ರೋಲಿಯಂ ಮಂತ್ರಿ ಮುರಳಿ ದೇವರಾ, ಇದೇ ಮುಂಬೈಯವರು, ತೈಲ ಒಪ್ಪಂದದ ಸಹಿಗೆ ಅಲ್ಲಿಗೆ ಹೋಗಿದ್ದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದು ಒಂದು ಪಕ್ಷದ ಸರ್ಕಾರದ ಕಥೆ ಅಲ್ಲ. ಎಲ್ಲರೂ ಇದೇ ದಾರಿ ಹಿಡಿದರು.

ಐರೋಲಿ_ಟೆಕ್ಕಿ
ಹಿರಿಯರೇ, ಗೌರವ ಇದೆ. ಆದರೆ ನೀತಿ ಸುಮ್ನೆ ತಿರುಗಲಿಲ್ಲ. 1,643 ಕಿಲೋಮೀಟರ್ ಗಡಿ. ಈಶಾನ್ಯದ ಉಗ್ರರ ಕ್ಯಾಂಪ್ ಅಲ್ಲಿಯ ಕಾಡಿನಲ್ಲಿ. 1995ರಲ್ಲಿ ಎರಡು ಸೇನೆ ಸೇರಿ ಅವರನ್ನು ಸುತ್ತುವರಿದಾಗ, ಸೂ ಕಿ ಪ್ರಶಸ್ತಿಯ ಕೋಪಕ್ಕೆ ಬರ್ಮಾ ಸೇನೆ ನಡುವೆಯೇ ಕೈಬಿಟ್ಟಿತು ಅಂತ ಹೇಳುತ್ತಾರೆ. 2020ರ ಮೇ ತಿಂಗಳಲ್ಲಿ 22 ಉಗ್ರರನ್ನು ವಿಮಾನದಲ್ಲಿ ತಂದು ನಮಗೆ ಒಪ್ಪಿಸಿದರು. ಸಂಬಂಧ ಇಟ್ಟುಕೊಂಡದ್ದಕ್ಕೇ ಅದು ಸಿಕ್ಕಿದ್ದು. ಮಣಿಪುರದಲ್ಲಿ ಸತ್ತ ಜವಾನನ ಮನೆಯವರಿಗೆ ಪ್ರಜಾಪ್ರಭುತ್ವದ ಪಾಠ ಹೇಳೋಕೆ ಆಗುತ್ತಾ?

ಕೊತ್ರೂಡ್_ಅಕ್ಕ
ನಿಮ್ಮ ಉದಾಹರಣೆಯೇ ನಿಮಗೆ ಉತ್ತರ ತಮ್ಮಾ. 2020ರ ಮೇ ಅಂದರೆ ಅಲ್ಲಿ ಚುನಾಯಿತ ಸರ್ಕಾರ ಇದ್ದ ಕಾಲ. ನಮಗೆ ಒಳ್ಳೆಯ ಸಹಕಾರ ಸಿಕ್ಕಿದ್ದು ಆಗ. 2021ರ ಸೇನಾ ದಂಗೆ ಆದಮೇಲೆ ಏನಾಯಿತು? ಕಲಾದಾನ್ ಯೋಜನೆ ನೋಡಿ. 2008ರಲ್ಲಿ ಒಪ್ಪಂದ. ಕೋಲ್ಕತ್ತಾದಿಂದ ಸಮುದ್ರದಲ್ಲಿ ಸಿತ್ವೆ, ಅಲ್ಲಿಂದ ನದಿಯಲ್ಲಿ 158 ಕಿಲೋಮೀಟರ್ ಪಲೆತ್ವಾ, ಆಮೇಲೆ ರಸ್ತೆಯಲ್ಲಿ ಮಿಜೋರಾಂ. 2023ರ ಮೇ ತಿಂಗಳಲ್ಲಿ ಮೊದಲ ಹಡಗು ಸಿತ್ವೆ ಮುಟ್ಟಿತು. 2024ರ ಜನವರಿಯಲ್ಲಿ ಪಲೆತ್ವಾ ಆ ಸೇನೆಯ ವಿರುದ್ಧ ಹೋರಾಡುವ ಬಂಡುಕೋರ ಪಡೆ ಅರಕಾನ್ ಆರ್ಮಿಯ ಕೈಗೆ ಹೋಯಿತು. ನಾವು ಯಾರ ಜತೆ ಸಹಿ ಮಾಡಿದೆವೋ ಅವರಿಗೆ ತಮ್ಮ ನೆಲದ ಮೇಲೇ ಹಿಡಿತ ಇಲ್ಲ. ಕೊನೆಗೆ ಮಿಜೋರಾಂನ ರಾಜ್ಯಸಭಾ ಸದಸ್ಯ ವನ್ಲಾಲ್ವೇನಾ ಅವರೇ ಗಡಿ ದಾಟಿ ಹೋಗಿ ಅರಕಾನ್ ಆರ್ಮಿಯವರನ್ನು ಭೇಟಿ ಮಾಡಿ ಬಂದರು.

ಮಾತುಕತೆ ಬೇಡ ಅಂತ ನಾನು ಹೇಳುತ್ತಿಲ್ಲ. ರಾಯಭಾರಿ ಇರಬೇಕು, ಫೋನ್ ಎತ್ತಬೇಕು. 2025ರ ಮಾರ್ಚ್‌ನಲ್ಲಿ ಬರ್ಮಾ-ಥಾಯ್ಲೆಂಡ್ ಗಡಿಯ ಮ್ಯಾವಡಿಯ ಸೈಬರ್ ವಂಚನೆ ಅಡ್ಡೆಗಳಿಂದ 549 ಭಾರತೀಯರನ್ನು ವಾಯುಪಡೆ ವಿಮಾನದಲ್ಲಿ ಕರೆತಂದರಲ್ಲ, ಅದಕ್ಕೆ ಅಲ್ಲಿ ಎಲ್ಲರ ಜತೆ ಮಾತಾಡಲೇಬೇಕಿತ್ತು. ಆದರೆ 2021ರ ಮಾರ್ಚ್ 27ರ ಸೇನಾ ಪರೇಡಿಗೆ ಪ್ರತಿನಿಧಿ ಕಳಿಸುವ ಅಗತ್ಯ ಏನಿತ್ತು? ಎಂಟು ದೇಶ ಕಳಿಸಿದವು, ನಾವೂ ಒಬ್ಬರು. ಅದೇ ದಿನ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು.

ಮಡಗಾಂವ್_ನಾಯ್ಕ
ಗೋವಾದಿಂದ ಒಂದು ಮಾತು. ಇಲ್ಲಿ ನನ್ನದು ಮರದ ಕೆಲಸ, ಬಾಗಿಲು, ಕಿಟಕಿ, ದೋಣಿಯ ಡೆಕ್. ಬರ್ಮಾ ತೇಗ ಕೇಳಿಕೊಂಡು ಬರುವವರು ಇನ್ನೂ ಇದ್ದಾರೆ. ನಾನು ಬಿಟ್ಟೆ. ಕಾರಣ ಇದೆ. ಬೇಳೆಯನ್ನು ಅಲ್ಲಿ ಖಾಸಗಿ ವ್ಯಾಪಾರಿ ಮಾರುತ್ತಾನೆ. ತೇಗ ಹಾಗಲ್ಲ. ಅದು ಮ್ಯಾನ್ಮಾ ಟಿಂಬರ್ ಎಂಟರ್‌ಪ್ರೈಸ್ ಅನ್ನುವ ಸರ್ಕಾರಿ ಸಂಸ್ಥೆಯ ಹಿಡಿತದಲ್ಲಿದೆ. 2021ರಲ್ಲೇ ಅಮೆರಿಕ, ಯುರೋಪು ಎರಡೂ ಅದರ ಮೇಲೆ ನಿರ್ಬಂಧ ಹಾಕಿದವು. ಅಲ್ಲಿ ನಡುವೆ ರೈತ ಇಲ್ಲ, ಕೊಟ್ಟ ದುಡ್ಡು ನೇರ ಸರ್ಕಾರಕ್ಕೆ. ಗ್ಯಾಸೂ ಹಾಗೇ. ಶ್ವೇ ಗ್ಯಾಸ್ ನಿಕ್ಷೇಪದಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಮತ್ತು ಗೇಲ್‌ಗೆ ಪಾಲಿದೆ. ಅಲ್ಲಿಯ ಸರ್ಕಾರಿ ತೈಲ-ಗ್ಯಾಸ್ ಕಂಪನಿ ಎಂಒಜಿಇ ಕೂಡ ಪಾಲುದಾರ. ಗ್ಯಾಸ್ ಹೋಗೋದು ಹೆಚ್ಚಾಗಿ ಪೈಪಿನಲ್ಲಿ ಚೀನಾಕ್ಕೆ.

ನನ್ನ ಲೆಕ್ಕದಲ್ಲಿ ಮೊದಲು ಕೇಳಬೇಕಾದ್ದು ಮಾರುವವನು ಯಾರು ಅಂತ.

ಮಾಟುಂಗಾ_ಶೆಟ್ಟಿ
ನಾಯ್ಕರೇ, ಈ ಮಾತು ನನಗೆ ತುಂಬಾ ಉಪಯೋಗ ಆಯಿತು. ಬೇಳೆ ಬೇರೆ, ತೇಗ ಬೇರೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಚೆಂಬೂರ್_ಚಿಕ್ಕಮ್ಮ
ಶೆಟ್ರೇ ಬೀದರ್ ಉದ್ದು ಹಾಕಿ ನೋಡಿ. ಹಿಟ್ಟು ಚೆನ್ನಾಗಿ ಉಬ್ಬುತ್ತೆ. ನಮ್ಮನೇಲಿ ಅದೇ.

ವಾಶಿ_ದಾಣಾಬಂದರ್
ಉಬ್ಬೋದು ಹೊಸ ಕಾಳಾ ಹಳೆ ಕಾಳಾ ಅನ್ನೋದರ ಮೇಲೆ ಚಿಕ್ಕಮ್ಮ. ಬೀದರ್ ಆದರೂ ಹಳೆಯದು ಅಷ್ಟಕ್ಕಷ್ಟೇ.

ಚೆಂಬೂರ್_ಚಿಕ್ಕಮ್ಮ
ನನ್ನ ಅನುಭವ ನನಗಿದೆ.

ಪವಯಿ_ಸಂಶೋಧಕ
ಬೇಳೆ, ತೇಗ ಎರಡಕ್ಕಿಂತ ದೊಡ್ಡ ವಿಷಯವನ್ನು ಯಾರೂ ಎತ್ತಿಲ್ಲ. ಆಯುಧ. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ಟರು. ದಂಗೆಯ ನಂತರ ಆ ಸೇನೆಗೆ ಹೋದ ಆಯುಧ ಮತ್ತು ಸಾಮಗ್ರಿಯ ಲೆಕ್ಕ ಅದರಲ್ಲಿದೆ. ರಷ್ಯಾದಿಂದ 40.6 ಕೋಟಿ ಡಾಲರ್, ಚೀನಾದಿಂದ 26.7 ಕೋಟಿ, ಸಿಂಗಾಪುರದಿಂದ 25.4 ಕೋಟಿ, ಭಾರತದಿಂದ 5.1 ಕೋಟಿ. ಭಾರತದ ಪಟ್ಟಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹೆಸರಿದೆ. ನಮ್ಮ ಬೆಂಗಳೂರಿನ ಬಿಇಎಲ್. ಕನ್ನಡಿಗರ ಎಷ್ಟೋ ಮನೆ ಬೆಳಗಿಸಿದ ಸರ್ಕಾರಿ ಕಾರ್ಖಾನೆ. ಹಿಂದಿನ ಚುನಾಯಿತ ಸರ್ಕಾರಕ್ಕೆ ಕೊಟ್ಟ ಮಾತಿನ ಪ್ರಕಾರ ಕಳಿಸಿದ್ದು ಅಂತ ಭಾರತದ ಉತ್ತರ.

ಆ ಚುನಾಯಿತ ಸರ್ಕಾರದವರನ್ನೇ ಜೈಲಿಗೆ ಹಾಕಿದರು. ಅವರಿಗೆ ಕೊಟ್ಟ ಮಾತನ್ನು ಅವರನ್ನು ಜೈಲಿಗೆ ಹಾಕಿದವರಿಗೆ ಯಾಕೆ ಪೂರೈಸಬೇಕು?

ಐರೋಲಿ_ಟೆಕ್ಕಿ
ರಷ್ಯಾ ಲೆಕ್ಕದ ಮುಂದೆ ನಮ್ಮದು ಎಂಟನೇ ಒಂದು ಪಾಲು. ಅದನ್ನೂ ಹೇಳಿ.

ಪವಯಿ_ಸಂಶೋಧಕ
ಅಂಕಿ ಮೇಲೆಯೇ ಬರೆದಿದ್ದೇನೆ. ಕಡಿಮೆ ಕೊಟ್ಟೆವು ಅನ್ನೋದು ಸಮರ್ಥನೆ ಆಗಲ್ಲ.

ಡೊಂಬಿವಲಿ_ಹಿರಿಯ
ಮತದಾನದ ವಿಷಯವೂ ಸೇರಿಸಿ. 2021ರ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಬರ್ಮಾಕ್ಕೆ ಆಯುಧ ಹರಿವು ತಡೆಯಿರಿ ಅಂತ ನಿರ್ಣಯ ಮಾಡಿತು. 119 ದೇಶ ಪರ, ಬೆಲಾರುಸ್ ಒಂದೇ ವಿರೋಧ, 36 ತಟಸ್ಥ. ನಾವು ತಟಸ್ಥ. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ಬರ್ಮಾದ ಹಿಂಸೆ ನಿಲ್ಲಲಿ ಅನ್ನುವ ನಿರ್ಣಯಕ್ಕೆ 12 ಮತ ಪರ. ತಟಸ್ಥರು ಮೂವರು: ರಷ್ಯಾ, ಚೀನಾ, ನಾವು. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನವೂ ನಮ್ಮದೇ. ಚೀನಾಕ್ಕೆ ಎದುರಾಗಿ ನಿಲ್ಲೋಕೆ ಸಂಬಂಧ ಬೇಕು ಅನ್ನುತ್ತೀರಿ, ಮತ ಹಾಕುವಾಗ ಚೀನಾದ ಪಕ್ಕದಲ್ಲೇ ಕೂರುತ್ತೀರಿ.

ನ್ಹಾವಾಶೇವಾ_ಕಂಟೇನರ್
ಒಳ್ಳೆಯದನ್ನೂ ಹೇಳಬೇಕು. 2025ರ ಮಾರ್ಚ್ 28ರ ಭೂಕಂಪದಲ್ಲಿ ನಮ್ಮವರು ಎಲ್ಲರಿಗಿಂತ ಮೊದಲು ತಲುಪಿದವರಲ್ಲಿ ಇದ್ದರು. ಆಪರೇಷನ್ ಬ್ರಹ್ಮ. ಮಾಂಡಲೆಯಲ್ಲಿ ಸೇನಾ ಆಸ್ಪತ್ರೆ ತೆರೆದರು, 118 ಜನರ ತಂಡ. ಸಂಬಂಧ ಪೂರ್ತಿ ಕಡಿದುಕೊಂಡಿದ್ದರೆ ಅಷ್ಟು ಬೇಗ ಇಳಿಯೋಕೆ ಬಿಡುತ್ತಿದ್ದರಾ?

ಪವಯಿ_ಸಂಶೋಧಕ
ಬಿಡುತ್ತಿರಲಿಲ್ಲ, ಒಪ್ಪುತ್ತೇನೆ. ಭೂಕಂಪದ ನಂತರವೂ ಆ ಸೇನೆ ವಿಮಾನ ದಾಳಿ ನಿಲ್ಲಿಸಲಿಲ್ಲ. ಭೂಕಂಪದಲ್ಲಿ ನಲುಗಿದ್ದು ಸಗಾಯಿಂಗ್, ಮಾಂಡಲೆ. ದಾಳಿಗೆ ಹೆಚ್ಚು ಸಿಕ್ಕಿದ್ದೂ ಸಗಾಯಿಂಗ್. ನೀವು ಲೆಮನ್ ತೂರ್ ಅನ್ನುತ್ತೀರಲ್ಲ, ಅದನ್ನು ಬೆಳೆಯುವ ಒಣಭೂಮಿ ಇದೇ: ಸಗಾಯಿಂಗ್, ಮಗ್ವೆ, ಮಾಂಡಲೆ.

ಆಳಂದದ_ಹುಡುಗ
ಇದು ನನಗೆ ಗೊತ್ತಿರಲಿಲ್ಲ. ಒಣಭೂಮಿ, ತೊಗರಿ, ಎಲ್ಲ ನಮ್ಮ ಕಡೆಯ ಹಾಗೇ. ಅವರ ಮೇಲೆ ನನಗೇನೂ ಸಿಟ್ಟಿಲ್ರೀ. ನಮ್ಮ ರಾಶಿ ಮುಗಿಯೋ ತನಕ, ಡಿಸೆಂಬರ್‌ನಿಂದ ಮಾರ್ಚ್, ಸುಂಕ ಹಾಕಲಿ. ಆಮೇಲೆ ತರಿಸಲಿ. ಕಾಳು ಗೋದಾಮಿನಲ್ಲಿಟ್ಟರೆ ಕೆಡಲ್ಲ.

ವಾಶಿ_ದಾಣಾಬಂದರ್
ಅಲ್ಲಿಯ ರೈತನ ಹತ್ತಿರ ಗೋದಾಮು ಎಲ್ಲಿದೆ ತಮ್ಮಾ? ಇಟ್ಟುಕೊಳ್ಳೋನು ಯಾಂಗೊನ್ ವ್ಯಾಪಾರಿ. ಆದರೂ ನಿನ್ನ ಮಾತಿನಲ್ಲಿ ಅರ್ಥ ಇದೆ. ಸುಂಕ ಯಾವಾಗ ಹಾಕ್ತೀವಿ, ಯಾವಾಗ ತೆಗೀತೀವಿ ಅಂತ ಮೊದಲೇ ಹೇಳಿದರೆ ಎಲ್ಲರಿಗೂ ಒಳ್ಳೇದು. ರಾತ್ರೋರಾತ್ರಿ ಅಧಿಸೂಚನೆ ಬಂದರೆ ಸಮುದ್ರದಲ್ಲಿರುವ ಮಾಲಿನ ಗತಿ ಏನು?

ಕೊತ್ರೂಡ್_ಅಕ್ಕ
ಐದು ವರ್ಷದ ಒಪ್ಪಂದ 2025-26ರ ತನಕ ಅಂತ ಶೆಟ್ಟರು ಮೊದಲೇ ಬರೆದಿದ್ದಾರೆ. ಕೇಳುವುದಿದ್ದರೆ ಈಗಲೇ ಕೇಳಬೇಕು. 2025ರ ಡಿಸೆಂಬರ್ 28ರಿಂದ ಅಲ್ಲಿ ಹಂತ ಹಂತವಾಗಿ ಚುನಾವಣೆ ಮಾಡಿದರು. ಸೂ ಕಿ ಅವರ ಪಕ್ಷವನ್ನು 2023ರಲ್ಲೇ ರದ್ದು ಮಾಡಿದ್ದರು. ಇದನ್ನು ಚುನಾವಣೆ ಅಂತ ಒಪ್ಪಿಕೊಂಡು ನಮ್ಮವರು ಹಾರ ಹಾಕಬಾರದು.

ಮುಂಬೈ, ಪುಣೆಯ ಕನ್ನಡ ಸಂಘಗಳ ಕಡೆಯಿಂದ ಸಂಸದರಿಗೆ ಪತ್ರ ಬರೆಯೋಣ. ಬೇಳೆ ತರಿಸಿ, ಆದರೆ ನಮ್ಮ ಸುಗ್ಗಿಯಲ್ಲಿ ಸುಂಕ ಇರಲಿ. ಆ ಸೇನೆಗೆ ಆಯುಧ, ರಾಡಾರ್, ಬಿಡಿಭಾಗ ಏನೂ ಬೇಡ. ಬರ್ಮಾದಿಂದ ಮಿಜೋರಾಂಗೆ ಓಡಿಬಂದ 30 ಸಾವಿರಕ್ಕೂ ಹೆಚ್ಚು ಚಿನ್ ಬುಡಕಟ್ಟಿನ ಜನರನ್ನು ವಾಪಸ್ ತಳ್ಳಬಾರದು. ಆ ಸಣ್ಣ ರಾಜ್ಯ ಅವರನ್ನು ಸಾಕುತ್ತಿದೆ, ಕೇಂದ್ರ ದುಡ್ಡು ಕೊಡಬೇಕು.

ಮಾಟುಂಗಾ_ಶೆಟ್ಟಿ
ನನ್ನ ಸಹಿ ಖಂಡಿತ. ಸಾಂಬಾರಿಗೆ ಇನ್ನು ಕಲಬುರಗಿ ತೊಗರಿಯೇ ತರಿಸುತ್ತೇನೆ, ಆಳಂದದ ತಮ್ಮ ದಾಲ್ ಮಿಲ್‌ನ ನಂಬರ್ ಮೆಸೇಜ್ ಮಾಡಲಿ. ಉದ್ದು ಮಾತ್ರ ಬರ್ಮಾದ್ದೇ ಮುಂದುವರಿಸುತ್ತೇನೆ. ನಾನು ನಿಲ್ಲಿಸಿದರೆ ಆ ಜನರಲ್‌ಗೆ ಏನೂ ಆಗಲ್ಲ, ಬೆಳೆದವನ ಬೆಲೆ ಮತ್ತೆ ಇಳಿಯುತ್ತದೆ.

ಪವಯಿ_ಸಂಶೋಧಕ
ಉದ್ದಿನ ವಿಷಯದಲ್ಲಿ ನಾನು ಒಪ್ಪಲ್ಲ ಶೆಟ್ರೇ. ಆ ಡಾಲರ್ ನಿಯಮ ಇರುವ ತನಕ ಪ್ರತಿ ಕಂಟೇನರಿನಲ್ಲೂ ಸೇನೆಗೆ ಪಾಲಿದೆ. ಕೊಳ್ಳುವ ದೇಶ ನಾವು. 'ಆ ನಿಯಮ ತೆಗೆಯಿರಿ, ಇಲ್ಲದಿದ್ದರೆ ಒಪ್ಪಂದ ಇಲ್ಲ' ಅಂತ ಹೇಳುವ ಶಕ್ತಿ ನಮಗೆ ಮಾತ್ರ ಇದೆ, ಬೇರೆ ಗಿರಾಕಿ ಇಲ್ಲವಲ್ಲ. ಪತ್ರದಲ್ಲಿ ಇದು ಬರಲೇಬೇಕು.

ಕೊತ್ರೂಡ್_ಅಕ್ಕ
ಸೇರಿಸುತ್ತೇನೆ. ಒಳ್ಳೆಯ ಅಂಶ.

ಐರೋಲಿ_ಟೆಕ್ಕಿ
ಆಯುಧದ ಸಾಲಿಗೆ, ಮಿಜೋರಾಂ ಸಾಲಿಗೆ ನನ್ನ ಸಹಿ ಇದೆ. ಸುಂಕದ ಸಾಲಿಗೆ ಇಲ್ಲ. ತೊಗರಿ ಮತ್ತೆ 200 ಆದರೆ ಕೂಲಿ ಮಾಡುವವನು ಏನು ತಿನ್ನಬೇಕು?

ಆಳಂದದ_ಹುಡುಗ
ಅಣ್ಣಾ, ಕ್ವಿಂಟಲ್‌ಗೆ 8,000 ಅಂದ್ರೆ ಕಿಲೋಗೆ 80 ರೂಪಾಯಿ. ಅದು 200 ಆಗೋದು ಹೊಲದಲ್ಲಿ ಅಲ್ಲ. ಬೇಳೆ ಮಾಡುವಾಗ ಹೊಟ್ಟು, ನುಚ್ಚು ಹೋಗುತ್ತೆ ಅಂತ ನನಗೂ ಗೊತ್ತು, ಆದರೂ ಇಷ್ಟು ಅಂತರ ಯಾಕೆ? ಅದನ್ನು ವಾಶಿಯವರು ಹೇಳಲಿ.

ವಾಶಿ_ದಾಣಾಬಂದರ್
ಹೇಳ್ತೀನಿ, ಅದಕ್ಕೆ ಬೇರೆ ಚರ್ಚೆಯೇ ಬೇಕು. ನಾಳೆ ಮಾರ್ಕೆಟ್ ಮುಗಿದ ಮೇಲೆ ಮಿಲ್ ಖರ್ಚು, ದಲಾಲಿ, ಹಮಾಲಿ, ಸಾಗಾಟ ಎಲ್ಲ ಬಿಡಿಸಿ ಬರೀತೀನಿ. ಅಕ್ಕ, ಪತ್ರದ ಕರಡು ಅಷ್ಟರಲ್ಲಿ ಹಾಕಿಬಿಡಿ.